ಕಣ್ಣು ಬರೆಸಿಕೊಂಡ ಡೈನೊಸಾರ್

ಮಕ್ಕಳ ಬಾಯಿ ಮುಚ್ಚಿಸುವ ವಿದ್ಯೆಯಲ್ಲಿ ಜಗದಾಂಬಾ ಮಿಸ್ಸನ್ನು ಮೀರಿಸುವವರು ಆ ಕಾಲದ ಬಸವೇಶ್ವರನಗರದಲ್ಲಿ ಯಾರೂ ಇರಲಿಲ್ಲ. ಬೆತ್ತ ಇಲ್ಲ, ಗದರಿಕೆ ಇಲ್ಲ, ಕಿವಿ ಹಿಂಡುವುದಂತೂ ಇಲ್ಲವೇ ಇಲ್ಲ. ಗಲಾಟೆ ಮಿತಿಮೀರಿತೋ, ಎದ್ದು ನಿಂತು ತನ್ನ ತುಟಿಯ ಹತ್ತಿರ ಎರಡು ಬೆರಳು ತಂದು ಬೀಗ ತಿರುಗಿಸಿದ ಹಾಗೆ ಮಾಡಿ "ಟಕ್!" ಎನ್ನುವಳು. ಮಕ್ಕಳೂ ತಮ್ಮ ತಮ್ಮ ತುಟಿಗೆ ಟಕ್ ಟಕ್ ಎಂದು ಬೀಗ ಹಾಕಿಕೊಳ್ಳಬೇಕು, ಕಣ್ಣಿಗೆ ಕಾಣದ ಆ ಬೀಗದ ಕೈಯನ್ನು ಸಾಲಾಗಿ ಬಂದು ಮಿಸ್ಸಿನ ಅಂಗೈಗೆ ಹಾಕಬೇಕು. ಅವಳು ಅದನ್ನೆಲ್ಲ ಸೆರಗಿನ ತುದಿಗೆ ಗಂಟು ಕಟ್ಟಿ ಸೊಂಟಕ್ಕೆ ಸಿಕ್ಕಿಸುವಳು. ಮನೆಗೆ ಬಿಡುವ ಹೊತ್ತಿಗೆ ಗಂಟು ಬಿಚ್ಚಿ, ಒಬ್ಬೊಬ್ಬರ ತುಟಿಯ ಹತ್ತಿರವೂ ಕೈ ತಿರುಗಿಸಿ ಬೀಗ ತೆಗೆಯುವಳು. ಮಕ್ಕಳಿಗೆ ಅದೊಂದು ಆಟ, ಅವಳಿಗೆ ಅದೊಂದು ನೆಮ್ಮದಿ.

ಶಿಶುವಿಹಾರ ನಡೆಯುತ್ತಿದ್ದುದು ಮಹಿಳಾ ಸಮಾಜದ ಹಿಂದಿನ ಶೀಟಿನ ಕೋಣೆಯಲ್ಲಿ. ಸಮಾಜದ ಕಾರ್ಯದರ್ಶಿಯಮ್ಮ ಬಂದಾಗಲೆಲ್ಲ ತುಟಿ ಬಿಗಿದು ಕೂತ ಮಕ್ಕಳನ್ನು ನೋಡಿ, "ಮಾತು ಬೆಳ್ಳಿ, ಮೌನ ಬಂಗಾರ ಅಂತ ಸುಮ್ನೆ ಹೇಳಿದಾರಾ ಹಿರಿಯರು!" ಎಂದು ಹೊಗಳಿ ಹೋಗುತ್ತಿದ್ದರು. ಬಂಗಾರವಂತೆ ಬಂಗಾರ! ಐದು ವರ್ಷದ ಕೂಸಿನ ಮೌನವನ್ನು ಬಂಗಾರ ಎನ್ನುವವರು ಅದನ್ನು ಒಂದು ದಿನ ತಮ್ಮ ಮನೆಯಲ್ಲಿ ಇಟ್ಟುಕೊಂಡು ನೋಡಬೇಕು.

ಜಗದಾಂಬಾ ಕೆಂಗೇರಿಯ ಕುಂಬಾರರ ಮನೆಯ ಮಗಳು. ಅಪ್ಪ ಮುನಿರಾಮಯ್ಯ ವರ್ಷವೆಲ್ಲ ಮಡಕೆ ಮಾಡಿ, ಭಾದ್ರಪದ ಬಂತೆಂದರೆ ಗೌರಿ ಗಣೇಶನ ಮೂರ್ತಿ ಮಾಡಲು ಕೂರುವವನು. ಅವನ ಕಟ್ಟಳೆಗಳಿಗೆ ಕೊನೆಯೇ ಇರಲಿಲ್ಲ. ಮಣ್ಣು ತುಳಿಯುವ ಕಡೆ ಚಪ್ಪಲಿ ಬರಕೂಡದು. ಕಣ್ಣನ್ನು ಎಲ್ಲಕ್ಕಿಂತ ಕೊನೆಗೆ ಬರೆಯಬೇಕು. ಕಣ್ಣು ಬರೆದ ಮೇಲೆ ಅದು ಮನೆಗೆ ಬಂದ ನೆಂಟ, ಹಸಿದು ಹೊಸಲು ದಾಟಬಾರದು. ಎಡಗೈಯಲ್ಲಿ ಎತ್ತಬಾರದು. ಬೆನ್ನು ತೋರಿಸಿ ಕೂರಬಾರದು. ಚಿಕ್ಕಂದಿನಲ್ಲಿ ಇವನ್ನೆಲ್ಲ ಕೇಳಿ ಕೇಳಿ ಸಾಕಾಗಿದ್ದ ಜಗದಾಂಬಾ, ಎಸ್ಸೆಸ್ಸೆಲ್ಸಿ ಮುಗಿಸಿ, ನರ್ಸರಿ ಟ್ರೈನಿಂಗ್ ಮಾಡಿಕೊಂಡು, ರಾಜಾಜಿನಗರದ ಪ್ರೆಸ್ಸೊಂದರಲ್ಲಿ ಅಚ್ಚಿನ ಮೊಳೆ ಜೋಡಿಸುವ ನಾಗರಾಜುವಿನ ಕೈ ಹಿಡಿದು ಬಂದಾಗ, ಅಪ್ಪನ ಕಟ್ಟಳೆಗಳನ್ನು ಕೆಂಗೇರಿಯಲ್ಲೇ ಬಿಟ್ಟು ಬಂದೆ ಎಂದುಕೊಂಡಿದ್ದಳು. ಕೈ ಮಾತ್ರ ಕುಂಬಾರಗಿತ್ತಿಯದೇ ಆಗಿತ್ತು.

ಡೈನೊಸಾರನ್ನು ಮನೆಗೆ ತಂದವನು ನಾಗರಾಜು. ಪ್ರೆಸ್ಸಿನಲ್ಲಿ ಬಣ್ಣ ಸರಿದು ಹಾಳಾದ ಒಂದು ಚಾರ್ಟು. ಉದ್ದ ಕತ್ತಿನ, ದಪ್ಪ ಕಾಲಿನ, ಬಾಯಿ ಮುಚ್ಚಿಕೊಂಡು ನಿಂತ ಪ್ರಾಣಿ. "ನಿನ್ ಮಕ್ಳಿಗೆ ತೋರ್ಸು, ಹೆದ್ರಿ ಸುಮ್ನಿರ್ತವೆ" ಎಂದು ನಕ್ಕ. ಹೆದರಿದವು ಎಂದುಕೊಂಡಿರೇನು? ಮಕ್ಕಳು ಅದನ್ನು ನೋಡಿ ಕುಣಿದಾಡಿಬಿಟ್ಟವು. ಜಗದಾಂಬಾಳಿಗೂ ಹುಚ್ಚು ಹತ್ತಿತು. ಕಾರ್ಬನ್ ಪೇಪರ್ ಇಟ್ಟು, ಒಂದು ಮಗ್ಗುಲು ಖಾಲಿ ಇರುವ ಪ್ರೆಸ್ಸಿನ ಹಾಳೆಗಳ ಮೇಲೆ ಅದೇ ಚಿತ್ರ ಬರೆದು ಹಂಚಿದಳು. ಕ್ರೆಯಾನು ಎಲ್ಲರಿಗೂ ಸಾಲದು. ಅರಿಶಿನಕ್ಕೆ ಸುಣ್ಣ ಬೆರೆಸಿ ಕೆಂಪು ಮಾಡಿದಳು, ಬಟ್ಟೆಗೆ ಹಾಕುವ ನೀಲಿ ಕದಡಿದಳು, ಇದ್ದಿಲು ಅರೆದಳು. ಒಣಗಿದ ಹೀರೇಕಾಯಿಯ ನಾರನ್ನು ಬಣ್ಣದಲ್ಲಿ ಅದ್ದಿ ಒತ್ತಿದರೆ ಅದರ ಒರಟು ಚರ್ಮ ಬಂದೇ ಬಂತು. ಅದು ಎಷ್ಟು ಉದ್ದ ಎಂದು ತೋರಿಸಲು ಮಕ್ಕಳ ಕೈಗೆ ಹಗ್ಗ ಕೊಟ್ಟು ರಸ್ತೆಯಲ್ಲಿ ಎಳೆಸಿದಳು. ಬಾಲ ಶಿಶುವಿಹಾರದ ಗೇಟಿನಲ್ಲಿದ್ದರೆ ತಲೆ ಹಿಟ್ಟಿನ ಮಿಲ್ಲಿನ ಹತ್ತಿರ! ಮಿಲ್ಲಿಗೆ ರಾಗಿ ತಂದಿದ್ದ ಹೆಂಗಸರೂ ನಿಂತು ನೋಡಿದರು.

"ಮಿಸ್, ಅದರ ಬಣ್ಣ ಯಾವ್ದು?"

"ಯಾರೂ ನೋಡಿಲ್ಲ ಕಣ್ರೋ. ಮೂಳೆ ಸಿಕ್ಕಿದೆ, ಬಣ್ಣ ಸಿಕ್ಕಿಲ್ಲ. ನೀವು ಹಾಕಿದ್ದೇ ಬಣ್ಣ."

ಈ ಉತ್ತರ ಎಲ್ಲರಿಗೂ ಸಾಕಾಯಿತು, ಪಂಕಜಾಳೊಬ್ಬಳಿಗೆ ಬಿಟ್ಟು. ಪಂಕಜಾ ಊದುಬತ್ತಿ ಹೊಸೆಯುವ ವಿಮಲಮ್ಮನ ಮಗಳು. ಎರಡು ಜಡೆ, ಮುಂದಿನ ಹಲ್ಲೊಂದು ಬಿದ್ದಿತ್ತು, ಬಾಯಿ ಮಾತ್ರ ಹರಳು ಹುರಿದ ಹಾಗೆ. "ಅದು ಏನ್ ತಿಂತಿತ್ತು ಮಿಸ್?" ಸೊಪ್ಪು. "ದಿನಾ ಎಷ್ಟು?" ಒಂದು ಎತ್ತಿನಗಾಡಿ ತುಂಬ. "ಸೊಪ್ಪು ಸಿಗದಿದ್ರೆ?" ಜಗದಾಂಬಾ ಅರ್ಧ ಗಮನವಿಟ್ಟು, "ಸಿಗದೇನೇ ಸತ್ತೋದ್ವು ಕಣೇ, ಹಸ್ಕೊಂಡು" ಎಂದಳು. ಪಂಕಜಾ ಬಣ್ಣ ಹಚ್ಚುವುದನ್ನು ನಿಲ್ಲಿಸಿ ಚಿತ್ರವನ್ನೇ ನೋಡುತ್ತಾ ಕೂತಳು. ಅಷ್ಟು ಹೊತ್ತು ಆ ಹುಡುಗಿ ಸುಮ್ಮನಿದ್ದದ್ದೇ ಒಂದು ವಿಶೇಷ.

ಆ ವರ್ಷ ಗಣೇಶನ ಹಬ್ಬ ಕಳೆದ ಮೇಲೆ ಅಪ್ಪನ ಮನೆಯಲ್ಲಿ ಮಿಕ್ಕ ಮಣ್ಣನ್ನು ಜಗದಾಂಬಾ ಗೋಣಿಚೀಲದಲ್ಲಿ ತುಂಬಿಸಿ ತಂದಳು. "ಕೈ ಕೆಸರಾದರೆ ಬಾಯಿ ಮೊಸರು ಬನ್ರೋ" ಎಂದು ಮಕ್ಕಳನ್ನೆಲ್ಲ ಕೂರಿಸಿಕೊಂಡು ಕುರಿಮರಿಯಷ್ಟು ದೊಡ್ಡ ಡೈನೊಸಾರ್ ಮಾಡಿದಳು. ಕಾಲು ಮಕ್ಕಳದು, ಬಾಲ ಮಕ್ಕಳದು, ಬೆನ್ನಿನ ಮೇಲಿನ ಮುಳ್ಳು ಹುಣಸೆ ಬೀಜದ್ದು. ಒಂದು ಪಕ್ಕ ನೀಲಿ, ಇನ್ನೊಂದು ಪಕ್ಕ ಅರಿಶಿನ, ಹೊಟ್ಟೆಗೆ ಬೊಟ್ಟು ಬೊಟ್ಟು. ಎಲ್ಲ ಮುಗಿದಾಗ ಅವಳ ಕೈಯಲ್ಲಿ ಇನ್ನೂ ಕುಂಚವಿತ್ತು, ಚಿಪ್ಪಿನಲ್ಲಿ ಚೂರು ಕಾಡಿಗೆ ಮಿಕ್ಕಿತ್ತು. ಕೈ ತಾನಾಗಿಯೇ ಹೋಯಿತು. ಅಪ್ಪ ಗೌರಿಗೆ ಬರೆಯುವಂಥದ್ದೇ ಕಣ್ಣು, ಉದ್ದಕ್ಕೆ, ಕೊನೆಯಲ್ಲಿ ಚೂಪಾಗಿ. ಬರೆದು ಹಿಂದಕ್ಕೆ ಸರಿದಾಗ ಅದು ಅವಳನ್ನೇ ನೋಡುತ್ತಿತ್ತು. ಕೋಣೆ ಒಂದು ಗಳಿಗೆ ತಣ್ಣಗಾಯಿತು. ಮಕ್ಕಳು ಚಪ್ಪಾಳೆ ತಟ್ಟಿದವು, ಅವಳೂ ನಕ್ಕಳು.

ಎರಡು ದಿನ ಕಳೆಯುವಷ್ಟರಲ್ಲಿ ಕಾರ್ಯದರ್ಶಿಯಮ್ಮನ ಅಪ್ಪಣೆ ಬಂತು. ನಾಳೆ ಸಮಾಜದ ಫಂಕ್ಷನ್ನು, ಆ ರಾಕ್ಷಸ ಹಲ್ಲಿಯನ್ನು ಅಲ್ಲಿಂದ ತೆಗೆಸಿ. ಎಲ್ಲಿ ಇಡುವುದು? ಮಕ್ಕಳೇ ದಾರಿ ಹೇಳಿದವು. "ಗಣೇಶನ್ನ ಬಿಟ್ಟ ಹಾಗೆ ನೀರಿಗೆ ಬಿಡೋಣ ಮಿಸ್!" ಸೊಪ್ಪಿನವನ ತಳ್ಳುಗಾಡಿ ಕೇಳಿ ತಂದು, ಅದರ ಮೇಲೆ ಡೈನೊಸಾರನ್ನು ಕೂರಿಸಿ, ಲಗ್ಗೆರೆಯ ದಾರಿಯಲ್ಲಿದ್ದ ಹಳೆಯ ಕಲ್ಲುಗಣಿಯ ಹೊಂಡಕ್ಕೆ ಮೆರವಣಿಗೆ ಹೊರಟಿತು. ತಟ್ಟೆ ಬಡಿಯುವುದೇನು, ಜೈಕಾರವೇನು! ಮಣ್ಣಿನ ಲಾರಿಗಳು ಓಡಾಡುವ ರಸ್ತೆ ಬಂದಾಗ ಜಗದಾಂಬಾಳಿಗೆ ಜೀವ ಬಾಯಿಗೆ ಬಂತು. ನಿಂತು ಎಲ್ಲರ ಬಾಯಿಗೂ ಬೀಗ ಹಾಕಿಸಿ, ಬೀಗದ ಕೈಗಳನ್ನು ಇಸಿದುಕೊಂಡು ಸೆರಗಿಗೆ ಕಟ್ಟಿಕೊಂಡಳು.

ರಸ್ತೆ ದಾಟುವಾಗ ಯಾರೋ ಸೆರಗು ಜಗ್ಗಿದರು. ಪಂಕಜಾ. "ಮಿಸ್, ಮಿಸ್, ಅದಕ್ಕೆ..."

"ಬೀಗ ಹಾಕಿದ್ಮೇಲೆ ಮಾತಿಲ್ಲ. ನಾನು ತೆಗೆಯೋವರ್ಗೂ ಬಾಯಿ ಬಿಡ್ಬಾರ್ದು. ಟಕ್!"

ಪಂಕಜಾ ಮತ್ತೆ ತುಟಿ ಮುಚ್ಚಿದಳು. ಹೊಂಡದಲ್ಲಿ ಎಮ್ಮೆ ತೊಳೆಯುತ್ತಿದ್ದ ಬೈರಯ್ಯ ಬಂದು ಕೈ ಕೊಟ್ಟ. ಡೈನೊಸಾರನ್ನು ನೀರಿಗೆ ಇಳಿಸಿದರು. ಬಣ್ಣ ಮೊದಲು ಬಿಟ್ಟಿತು, ಆಮೇಲೆ ಕಾಲು ಹೋಯಿತು, ಉದ್ದ ಕತ್ತು ಸ್ವಲ್ಪ ಹೊತ್ತು ನೀರಿನ ಮೇಲೆ ನಿಂತಿತ್ತು. ಕಣ್ಣು ಕೊನೆಗೆ ಮುಳುಗಿತು. ಅಷ್ಟರಲ್ಲಿ ಹನಿಯತೊಡಗಿತು. ಮಕ್ಕಳನ್ನು ದಡಬಡ ಓಡಿಸಿಕೊಂಡು ಬಂದು, ಗೇಟಿನಲ್ಲಿ ಕಾಯುತ್ತಿದ್ದ ತಾಯಂದಿರ ಕೈಗೆ ಒಪ್ಪಿಸಿ, ಜಗದಾಂಬಾ ಒದ್ದೆ ಸೀರೆಯಲ್ಲೇ ಮನೆ ಸೇರಿದಳು.

ಅವತ್ತು ಸಂಜೆ ದೀಪ ಹಚ್ಚುವ ಮುಂಚೆ, ಮನೆಯಲ್ಲಿ ಯಾರಿಗೂ ತಿಳಿಯದಂತೆ ಹೊರಬಿದ್ದಿದ್ದ ಪಂಕಜಾ ಅದೇ ಹೊಂಡದಲ್ಲಿ ಸಿಕ್ಕಳು. ಎಮ್ಮೆ ಹೊಡೆದುಕೊಂಡು ಹೋಗುತ್ತಿದ್ದ ಬೈರಯ್ಯ ನೀರಿನಲ್ಲಿ ಲಂಗ ತೇಲುವುದನ್ನು ಕಂಡು ಎಳೆದು ಹಾಕಿದನಂತೆ. ಅಯ್ಯೋ ಶಿವನೇ, ಅವನು ಒಂದು ಬೀಡಿ ಹೆಚ್ಚಿಗೆ ಸೇದಿದ್ದರೆ ಈ ಕಥೆಯೇ ಬೇರೆಯಾಗುತ್ತಿತ್ತು. ಹುಡುಗಿ ಉಳಿಯಿತು. ಮುಷ್ಟಿಯಲ್ಲಿ ಅದರ ತಿಂಡಿ ಡಬ್ಬಿಯ ಮುಚ್ಚಳವಿತ್ತು, ಡಬ್ಬಿ ಇರಲಿಲ್ಲ. ನೀರು ಕಕ್ಕಿಸಿದರು, ಬೆಚ್ಚಗೆ ಸುತ್ತಿದರು, ಕಣ್ಣು ಬಿಟ್ಟಿತು. ಆದರೆ ಬಾಯಿ ಬಿಡಲಿಲ್ಲ. ಅಳಲೂ ಇಲ್ಲ.

ಡಾಕ್ಟರು, "ಶಾಕ್ ಆಗಿದೆ, ನಿಧಾನಕ್ಕೆ ಮಾತು ಬರುತ್ತೆ" ಎಂದರು. ಅಜ್ಜಿ ನರಸಮ್ಮ ಡಾಕ್ಟರನ್ನು ನಂಬುವವಳಲ್ಲ. "ಗಾಳಿ ಸೋಕೈತೆ ಕಣವ್ವ, ನೀರಿನ ಗಾಳಿ" ಎಂದು ತಾಯಿತ ಕಟ್ಟಿಸಿದಳು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಗಾಳಿಯೂ ಹೋಗಲಿಲ್ಲ, ಮಾತೂ ಬರಲಿಲ್ಲ. ನೋಡಲು ಹೋದ ಜಗದಾಂಬಾಳನ್ನು ವಿಮಲಮ್ಮ ಒಳಗೆ ಕರೆಯಲಿಲ್ಲ. ಊದುಬತ್ತಿಯ ಕಪ್ಪು ಹತ್ತಿದ ಕೈಯಲ್ಲೇ ಬಾಗಿಲು ಹಿಡಿದು ನಿಂತು, "ನನ್ ಮಗು ಮಾತು ವಾಪಸ್ ಕೊಡಿ ಮಿಸ್. ಇನ್ನೇನೂ ಕೇಳಲ್ಲ ನಿಮ್ಮನ್ನ" ಎಂದಳು.

ಆ ಮಾತು ಜಗದಾಂಬಾಳ ಬೆನ್ನು ಬಿಡಲಿಲ್ಲ. ಅದಕ್ಕಿಂತ ಹೆಚ್ಚಾಗಿ ಕಾಡಿದ್ದು ಪಂಕಜಾಳ ಅರ್ಧ ಮಾತು. ಅದಕ್ಕೆ... ಅದಕ್ಕೆ ಏನು? ಆ ಮಗು ಹೇಳಲು ಹೊರಟದ್ದನ್ನು ಹೇಳಲು ಬಿಟ್ಟಿದ್ದರೆ ಅದು ಮತ್ತೆ ಹೊಂಡಕ್ಕೆ ಹೋಗುತ್ತಲೇ ಇರಲಿಲ್ಲವೇನೋ. ಅನ್ನ ಬಸಿಯುವಾಗ ಅದಕ್ಕೆ. ನಲ್ಲಿ ತೊಟ್ಟಿಕ್ಕಿದರೆ ಅದಕ್ಕೆ. ಮಧ್ಯೆ ಮಧ್ಯೆ ಕೈಯಲ್ಲಿದ್ದ ಕೆಲಸ ಬಿಟ್ಟು ನಿಂತುಬಿಡುತ್ತಿದ್ದಳು. ನಾಗರಾಜು, "ಲೇ, ಎಷ್ಟು ಅಂತ ತಲೆ ಕೆಡಿಸ್ಕೋತೀಯ? ಮಗು ಉಳೀತಲ್ಲ, ಅದು ದೊಡ್ಡದು" ಎನ್ನುವನು. ಅವನಿಗೇನು, ಹೇಳಿ ಮಗ್ಗುಲಾದರೆ ಗೊರಕೆ. ಮಕ್ಕಳ ಬಾಯಿಗೆ ಬೀಗ ಹಾಕುವ ಆಟವನ್ನು ಅವಳು ಅವತ್ತಿನಿಂದ ಬಿಟ್ಟೇಬಿಟ್ಟಳು. ತುಟಿಯ ಹತ್ತಿರ ಬೆರಳು ಒಯ್ಯುವುದಕ್ಕೇ ಕೈ ಬರಲಿಲ್ಲ.

ಶಿಶುವಿಹಾರದಲ್ಲಿ ಬೇರೆಯದೇ ಶುರುವಾಗಿತ್ತು. ಮಕ್ಕಳು ಹೋದ ಮೇಲೆ ಮಧ್ಯಾಹ್ನ ಬಾಗಿಲು ಹಾಕಲು ನಿಂತರೆ ಕೋಣೆಯೊಳಗಿಂದ ಒದ್ದೆ ಮಣ್ಣಿನ ವಾಸನೆ. ಮಣ್ಣಿನ ಚೀಲ ಖಾಲಿಯಾಗಿ ಎಷ್ಟೋ ದಿನವಾಗಿತ್ತು. ಡೈನೊಸಾರ್ ಕೂತಿದ್ದ ಮೂಲೆಯ ಸಿಮೆಂಟು ನೆಲ ಎಷ್ಟು ಒರೆಸಿದರೂ ತೇವ. ಅದೇ ಮೂಲೆಯಲ್ಲಿ ಸಾಲಾಗಿಟ್ಟ ತಿಂಡಿ ಡಬ್ಬಿಗಳಲ್ಲಿ ದಿನಕ್ಕೊಂದು ಖಾಲಿ. "ಮಿಸ್, ನನ್ ಉಪ್ಪಿಟ್ಟು ಯಾರೋ ತಿಂದವ್ರೆ" ಎಂದು ಒಂದು ಮಗು ಅತ್ತರೆ ಮರುದಿನ ಇನ್ನೊಂದು. ಹೆಗ್ಗಣ ಎಂದಳು ಕಸ ಗುಡಿಸುವ ಪಾಪಮ್ಮ. ಹೆಗ್ಗಣಕ್ಕೆ ಡಬ್ಬಿಯ ಮುಚ್ಚಳ ತೆಗೆದು ಮತ್ತೆ ಹಾಕಲು ಬರುತ್ತದೆಯೇ ಎಂದು ಜಗದಾಂಬಾ ಕೇಳಲಿಲ್ಲ. ಕೇಳಿದರೆ ಏನು ಉತ್ತರ ಬರುತ್ತದೋ ಎಂಬ ಭಯ.

ಎಲ್ಲಕ್ಕಿಂತ ಅವಳು ಹೆದರಿದ್ದು ಚಿತ್ರಗಳನ್ನು ನೋಡಿ. ಮಕ್ಕಳು ಡೈನೊಸಾರ್ ಬೇಕು ಬೇಕು ಎಂದು ಹಟ ಹಿಡಿದು ಕೇಳುತ್ತಿದ್ದವು, ಅವಳು ಕಾರ್ಬನ್ ಇಟ್ಟು ಬರೆದು ಕೊಡುತ್ತಿದ್ದಳು, ಮೊದಲಿನ ಹಾಗೆಯೇ ಬಾಯಿ ಮುಚ್ಚಿದ ಪ್ರಾಣಿ. ಬಣ್ಣ ಹಚ್ಚಿ ವಾಪಸ್ ಕೊಡುವಾಗ ಒಂದೊಂದರ ಬಾಯಿಯೂ ತೆರೆದಿರುತ್ತಿತ್ತು. ಗೆರೆ ದಾಟಿ, ಕೆಂಪು ಹಚ್ಚಿ, ದೊಡ್ಡದಾಗಿ. ಯಾರು ಹೇಳಿಕೊಟ್ಟರು? "ಯಾರೂ ಇಲ್ಲ ಮಿಸ್. ಅದು ಹಂಗೇ ಇರೋದು."

ಅವಳು ಒಂದು ಭಾನುವಾರ ಕೆಂಗೇರಿಗೆ ಹೋದಳು. ಅಪ್ಪನಿಗೆ ಎಲ್ಲ ಹೇಳಬೇಕೆಂದು ಹೋದವಳು, ತಿರುಗುವ ಚಕ್ರದ ಮುಂದೆ ಸುಮ್ಮನೆ ಕೂತು ಎದ್ದು ಬಂದಳು. ಹೇಳಿದರೆ ಮುದುಕ ಮೊದಲು ಕೇಳುವುದು, ಕಣ್ಣು ಬರೆದೆಯಾ ಎಂದು.

ದಸರಾ ರಜೆ ಮುಗಿದ ಮೇಲೆ ವಿಮಲಮ್ಮ ಪಂಕಜಾಳನ್ನು ಮತ್ತೆ ಕರೆತಂದಳು. "ಮನೇಲಿ ಗೋಡೆ ನೋಡ್ಕೊಂಡು ಕೂರುತ್ತೆ. ಇಲ್ಲಾದ್ರೆ ನಾಲ್ಕು ಮಕ್ಳ ಜೊತೆ ಇರುತ್ತೆ" ಎಂದು, ಮುಖ ನೋಡದೆ ಹೇಳಿ ಹೋದಳು. ಜಗದಾಂಬಾ ಮಾಡದ ಉಪಾಯವಿಲ್ಲ. ಬಳಪ ಕೊಟ್ಟಳು, ಬೆಲ್ಲ ಕೊಟ್ಟಳು, ತೊಡೆಯ ಮೇಲೆ ಕೂರಿಸಿಕೊಂಡಳು. "ಮಾತಾಡು ಕಂದ. ಒಂದೇ ಒಂದು ಮಾತು. ಅವತ್ತು ಏನೋ ಹೇಳ್ತಿದ್ಯಲ್ಲ, ಅದಕ್ಕೆ ಅಂತ. ಏನದು?" ಮಗು ಅವಳ ಮುಖ ನೋಡುತ್ತಿರಲಿಲ್ಲ. ಕಣ್ಣು ಸೊಂಟದ ಕಡೆ ಇಳಿದು ಅಲ್ಲೇ ನಿಲ್ಲುತ್ತಿತ್ತು. ನನ್ನನ್ನು ಕಂಡರೆ ಹೆದರಿಕೆ, ಮುಖ ನೋಡಲೂ ಹೆದರಿಕೆ ಎಂದುಕೊಂಡು ಜಗದಾಂಬಾ ಒಳಗೊಳಗೇ ಅತ್ತಳು.

ದೀಪಾವಳಿ ಕಳೆದ ಮೇಲಿನ ಒಂದು ಬೆಳಿಗ್ಗೆ. ಅವಳು ಅವತ್ತು ಉಟ್ಟಿದ್ದು ಮೆರವಣಿಗೆಯ ದಿನದ ಸೀರೆಯನ್ನೇ, ಹಸಿರು ಒಡಲು, ಕೆಂಪು ಅಂಚು. ಮಳೆಯಲ್ಲಿ ನೆಂದ ಮೇಲೆ ಮಡಿಸಿ ಪೆಟ್ಟಿಗೆಯ ತಳಕ್ಕೆ ಹಾಕಿದ್ದಳು, ಬೇರೆ ಸೀರೆ ಒಣಗಿರಲಿಲ್ಲವೆಂದು ಉಟ್ಟು ಬಂದಿದ್ದಳು. ಮನೆಯ ಬೀಗದ ಕೈ ಎಲ್ಲಿಡುವುದೆಂದು ಸೆರಗಿನ ತುದಿಗೆ ಗಂಟು ಕಟ್ಟಿ ಸಿಕ್ಕಿಸಿಕೊಂಡಿದ್ದಳು. ಮಕ್ಕಳು ಬಣ್ಣ ಹಚ್ಚುತ್ತಿದ್ದವು. ಸೆರಗು ಜಗ್ಗಿದಂತಾಯಿತು. ತಿರುಗಿ ನೋಡಿದರೆ ಪಂಕಜಾ. ಎರಡೂ ಕೈಯಲ್ಲಿ ಆ ಗಂಟು ಹಿಡಿದುಕೊಂಡು, ಉಗುರಿನಿಂದ ಕೆದಕಿ, ಬಿಚ್ಚಲಾರದೆ ಹಲ್ಲಿನಿಂದ ಕಚ್ಚಿ ಎಳೆಯುತ್ತಿದ್ದಳು.

"ಏನ್ ಬೇಕು ಪುಟ್ಟ? ಏನದು?" ಎಂದು ಜಗದಾಂಬಾ ತಾನೇ ಬಿಚ್ಚಿದಳು. ಮನೆಯ ಬೀಗದ ಕೈ ಠಣ್ಣೆಂದು ನೆಲಕ್ಕೆ ಬಿತ್ತು. ಮಗು ಅದರ ಕಡೆ ನೋಡಲೇ ಇಲ್ಲ. ಬಿಚ್ಚಿದ ಸೆರಗಿನ ಸುಕ್ಕಿನ ಕೆಳಗೆ ತನ್ನ ಅಂಗೈ ಒಡ್ಡಿ ನಿಂತುಕೊಂಡಿತು.

ಜಗದಾಂಬಾಳಿಗೆ ಆ ದಿನ ಕಣ್ಣಿಗೆ ಕಟ್ಟಿತು. ಮೆರವಣಿಗೆ, ಲಾರಿ, ಟಕ್, ಮಳೆ, ಗೇಟು. ಗಂಟು ಬಿಚ್ಚಿದ್ದೆನೇ? ಇಲ್ಲ. ಉಳಿದ ಮಕ್ಕಳು ಮಳೆಯಲ್ಲಿ ಕಿರುಚಿಕೊಂಡು ಓಡಿದ್ದವು, ಬೀಗದ ಹಂಗು ಅವಕ್ಕಿರಲಿಲ್ಲ. ಈ ಒಂದು ಮಗು ಮಾತ್ರ ಮಿಸ್ಸು ಹೇಳಿದ್ದನ್ನು ಹೇಳಿದ ಹಾಗೆ ನಡೆಸಿತ್ತು. ನೀರಿನಲ್ಲಿ ಮುಳುಗುವಾಗಲೂ ಕೂಗಿಕೊಂಡಿರಲಿಲ್ಲ. ನಾನು ತೆಗೆಯೋವರೆಗೂ ಬಾಯಿ ಬಿಡಬಾರದು ಎಂದವಳು ತಾನೇ.

ಜಗದಾಂಬಾ ಸೆರಗಿನಿಂದ ಕಾಣದ ಬೀಗದ ಕೈ ಹೆಕ್ಕಿದಳು. ಮಗುವಿನ ತುಟಿಯ ಹತ್ತಿರ ತಂದು ತಿರುಗಿಸಿದಳು. "ಟಕ್" ಎಂದಳು.

ಪಂಕಜಾ ಬಾಯಿ ಬಿಟ್ಟಳು. ತುಕ್ಕು ಹಿಡಿದಂಥ ದನಿ. "ಅದಕ್ಕೆ ಊಟ ಹಾಕ್ಲಿಲ್ಲ ಮಿಸ್. ಗಣೇಶಂಗೆ ಕಡುಬು ಕೊಟ್ಟು ಕಳಿಸ್ತಾರೆ. ಅದಕ್ಕೆ ಏನೂ ಕೊಡ್ಲಿಲ್ಲ."

ಕಣ್ಣು ಬರೆದ ಮೇಲೆ ಅದು ಮನೆಗೆ ಬಂದ ನೆಂಟ. ಕುಂಬಾರನ ಮಗಳು ಮರೆತದ್ದು ಊದುಬತ್ತಿಯವಳ ಮಗಳಿಗೆ ಗೊತ್ತಿತ್ತು. ಜಗದಾಂಬಾ ಅಲ್ಲೇ ನೆಲದ ಮೇಲೆ ಕುಸಿದು ಮಗುವನ್ನು ಅಪ್ಪಿಕೊಂಡಳು.

"ಅದಕ್ಕೇ ಹೋದ್ಯಾ ಕಂದ?"

"ಹೂಂ. ನನ್ ಡಬ್ಬಿ ಚಿತ್ರಾನ್ನ ಕೊಟ್ಟೆ. ತಿಂತು. ಡಬ್ಬೀನೂ ತಿಂತು." ಮಗು ಮೂಲೆಯ ಕಡೆ ನೋಡಿ ದನಿ ತಗ್ಗಿಸಿತು. "ಸಾಲ್ಲಿಲ್ಲ ಅಂತು ಮಿಸ್."

ಅವತ್ತೇ ಮಧ್ಯಾಹ್ನ ಜಗದಾಂಬಾ ದೊಡ್ಡ ಪಾತ್ರೆ ತುಂಬ ಚಿತ್ರಾನ್ನ ಕಲಸಿ, ನಾಲ್ಕು ಕಟ್ಟು ದಂಟಿನ ಸೊಪ್ಪು ಹೊತ್ತು, ಪಂಕಜಾಳನ್ನೂ ವಿಮಲಮ್ಮನನ್ನೂ ಕರೆದುಕೊಂಡು ಹೊಂಡಕ್ಕೆ ಹೋದಳು. ವಿಮಲಮ್ಮನಿಗೆ ಮಗಳ ದನಿ ಕೇಳಿ ಕೇಳಿ ತೃಪ್ತಿಯಿಲ್ಲ, ದಾರಿಯುದ್ದಕ್ಕೂ ಅಳು, ನಗು. ಅನ್ನ ನೀರಿಗೆ ಬಿದ್ದಾಗ ಕೆಳಗಿನಿಂದ ಗುಳುಗುಳು ಎಂದು ಗುಳ್ಳೆ ಎದ್ದಿತು. ಮೀನಿರಬಹುದು. ಜಗದಾಂಬಾ ಕೈಮುಗಿದು, "ಹಸಿದು ಕಳಿಸ್ದೆ, ತಪ್ಪಾಯ್ತು. ಉಂಡು ಹೋಗಪ್ಪ" ಎಂದಳು.

ವಾಪಸ್ ಬರುವಾಗ ವಿಮಲಮ್ಮ ಬೈಯುತ್ತಾಳೆ ಎಂದು ಜಗದಾಂಬಾ ಕಾದಳು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ವಿಮಲಮ್ಮ ಮಗಳ ಕೈ ಹಿಡಿದುಕೊಂಡು, ತುಂಬಾ ದೂರ ನಡೆದ ಮೇಲೆ, ಮೆಲ್ಲಗೆ ಹೇಳಿದಳು. "ದಿನಾ ಮಾತಾಡು ಮಾತಾಡು ಅಂದ್ರಿ ಮಿಸ್. ಕೀ ಮಾತ್ರ ಸೊಂಟದಲ್ಲೇ ಇಟ್ಕೊಂಡಿದ್ರಿ."

ಅದಾದ ಮೇಲೂ ಜಗದಾಂಬಾ ಮಿಸ್ಸು ಬಹಳ ವರ್ಷ ಅದೇ ಕೋಣೆಯಲ್ಲಿ ಮಕ್ಕಳಿಗೆ ಡೈನೊಸಾರ್ ಕಲಿಸಿದಳು. ಮಣ್ಣಿನಲ್ಲಿ ಮಾಡಿಸುವಳು, ಬಣ್ಣ ಹಚ್ಚಿಸುವಳು, ಕಣ್ಣು ಬರೆದ ಕೂಡಲೇ ಪ್ರತಿ ಮಗುವಿನ ಡಬ್ಬಿಯಿಂದ ಒಂದೊಂದು ತುತ್ತು ತೆಗೆಸಿ ಅದರ ಮುಂದೆ ಇಡಿಸುವಳು. ಅವಳ ಸೆರಗಿನಲ್ಲಿ ಗಂಟು ಕಂಡವರಿಲ್ಲ. ಅವಳ ಮಕ್ಕಳ ಗಲಾಟೆ ಹಿಟ್ಟಿನ ಮಿಲ್ಲಿನ ಸದ್ದನ್ನೂ ಮೀರಿಸುತ್ತದೆ ಎಂದು ಕಾರ್ಯದರ್ಶಿಯಮ್ಮ ಬೇಸರಪಟ್ಟುಕೊಂಡರು, ಎರಡು ಸಲ ಎಚ್ಚರಿಕೆಯನ್ನೂ ಕೊಟ್ಟರು. ಅವಳು ಕೇಳಿಸಿಕೊಂಡು ಮತ್ತೆ ಮಕ್ಕಳ ನಡುವೆ ಹೋಗಿ ಕೂತಳು.

ಬಣ್ಣ ಹಚ್ಚುವುದರಲ್ಲಿ ಮುಳುಗಿದಾಗ ಮಕ್ಕಳೆಲ್ಲ ಒಮ್ಮೊಮ್ಮೆ ತಮಗೆ ತಾವೇ ಒಟ್ಟಿಗೆ ಸುಮ್ಮನಾಗಿಬಿಡುವುದುಂಟು. ಅಂಥ ಹೊತ್ತಿನಲ್ಲಿ ಮೂಲೆಯಿಂದ ಒದ್ದೆ ಮಣ್ಣಿನ ವಾಸನೆ ಬರುತ್ತಿತ್ತು. ಜಗದಾಂಬಾ ಕೂತಲ್ಲಿಂದ ಎದ್ದುಬಿಡುತ್ತಿದ್ದಳು. "ಯಾಕ್ರೋ ಸುಮ್ನಾದ್ರಿ? ಮಾತಾಡ್ರೋ... ಏನಾದ್ರೂ ಮಾತಾಡ್ರೋ."